ರಿಸೆಪ್ಟರ್ ತೆಗೆದರೆ ಎಚ್‌ಡಿಎಲ್ ಏರುತ್ತದೆ, ಆದರೂ ಇಲಿ ಸಾಯುತ್ತದೆ. ಏಕೆ?

ಮಲೆನಾಡ ಮಾಣಿ
ಮುಂದಿನ ವಾರ ನಮ್ಮ ಜೀವರಸಾಯನ ವಿಭಾಗದಲ್ಲಿ ನನ್ನ ಸೆಮಿನಾರ್ ಇದೆ. ವಿಷಯ: ಎಸ್‌ಆರ್-ಬಿ1 ರಿಸೆಪ್ಟರ್ ಮತ್ತು ಇಲಿಗಳಲ್ಲಿ ಎಚ್‌ಡಿಎಲ್, ಅಂದರೆ ರಕ್ತದಲ್ಲಿ ‘ಒಳ್ಳೆಯ ಕೊಲೆಸ್ಟ್ರಾಲ್’ ಹೊತ್ತು ಸಾಗುವ ಕಣ. ಓದಿದಷ್ಟೂ ತಲೆ ಕೆಡುತ್ತಿದೆ. ಬಲ್ಲವರು ಬಿಡಿಸಿ ಹೇಳಬೇಕು.

ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಜೀವಕೋಶದ ಹೊರಮೈಯಲ್ಲಿರುವ ಈ ಪ್ರೋಟೀನ್ ಎಚ್‌ಡಿಎಲ್ ಕಣವನ್ನು ಹಿಡಿಯುತ್ತದೆ ಎಂದು 1996ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾಂಟಿ ಕ್ರೀಗರ್ ಅವರ ತಂಡ ತೋರಿಸಿತು. ಮರುವರ್ಷ ಎರಡು ಪ್ರಯೋಗಗಳು ಪ್ರಕಟವಾದವು. ಒಂದರಲ್ಲಿ ಜೀನ್ ಹೊತ್ತೊಯ್ಯುವಂತೆ ಮಾಡಿದ ಅಡಿನೋವೈರಸ್ ಮೂಲಕ ಇಲಿಯ ಯಕೃತ್ತಿನಲ್ಲಿ ಈ ರಿಸೆಪ್ಟರನ್ನು ವಿಪರೀತ ಹೆಚ್ಚಿಸಿದರು. ರಕ್ತದಲ್ಲಿದ್ದ ಎಚ್‌ಡಿಎಲ್ ಬಹುತೇಕ ಮಾಯವಾಯಿತು, ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಏರಿತು. ಇನ್ನೊಂದರಲ್ಲಿ ಜೀನನ್ನೇ ಕೆಡಿಸಿದರು. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟ ಇಲಿಗಳಲ್ಲಿ ರಕ್ತದ ಕೊಲೆಸ್ಟ್ರಾಲ್ ಶೇ 31ರಷ್ಟು, ಎರಡೂ ಪ್ರತಿ ಕೆಟ್ಟವುಗಳಲ್ಲಿ ಶೇ 125ರಷ್ಟು ಹೆಚ್ಚಿತು. ಹೆಚ್ಚಿದ್ದು ಎಚ್‌ಡಿಎಲ್‌ನಲ್ಲಿಯೇ.

ಒಳ್ಳೆಯ ಕೊಲೆಸ್ಟ್ರಾಲ್ ದುಪ್ಪಟ್ಟಾದ ಇಲಿಯ ರಕ್ತನಾಳಗಳು ಸ್ವಚ್ಛವಾಗಿರಬೇಕಿತ್ತಲ್ಲವೇ? ರಕ್ತದಿಂದ ಕೊಬ್ಬಿನ ಕಣಗಳನ್ನು ತೆರವು ಮಾಡಲು ನೆರವಾಗುವ ಅಪೋ-ಇ ಎಂಬ ಪ್ರೋಟೀನಿನ ಜೀನ್ ಕೂಡ ಇಲ್ಲದ ಇಲಿಗಳಲ್ಲಿ ಇದೇ ರಿಸೆಪ್ಟರನ್ನು ತೆಗೆದರೆ ಅವು ಎಳೆಯ ವಯಸ್ಸಿನಲ್ಲಿಯೇ ಹೃದಯ ಕೆಟ್ಟು ಸಾಯುತ್ತವೆ ಎಂದು ಓದಿದೆ. ಇದು ಹೇಗೆ ಹೊಂದುತ್ತದೆ?

ಔಷಧಿ ಅಂಗಡಿ
ಎಚ್‌ಡಿಎಲ್ ಏರಿಸುತ್ತದೆ ಎಂದು ಚೀಟಿ ಅಂಟಿಸಿದ ಡಬ್ಬಗಳು ನಮ್ಮ ಕಪಾಟಿನ ತುಂಬ ಇವೆ. ಈ ಇಲಿಯ ಕಥೆಯನ್ನು ಗಿರಾಕಿಗಳಿಗೆ ಹೇಳಬೇಡಿ ಮಾರಾಯರೇ.

ತುಂಗಾತೀರ
ಮಾಣಿ, ಗೊಂದಲ ಇರುವುದು ಇಲಿಯಲ್ಲಿ ಅಲ್ಲ, ನಾವು ಅಳೆಯುವ ರೀತಿಯಲ್ಲಿ. ಎಪಿಎಂಸಿ ಗೋದಾಮಿನ ಬಾಗಿಲು ಮುಚ್ಚಿದರೆ ಮಾಲು ತುಂಬಿದ ಲಾರಿಗಳು ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಆ ಸಾಲನ್ನು ಎಣಿಸಿ ‘ಈ ವರ್ಷ ವ್ಯಾಪಾರ ಭರ್ಜರಿ’ ಎಂದರೆ ಹೇಗೆ? ಎಚ್‌ಡಿಎಲ್ ಅಂಗಾಂಶಗಳಿಂದ ಕೊಲೆಸ್ಟ್ರಾಲ್ ಹೊತ್ತು ಯಕೃತ್ತಿಗೆ ಬರುತ್ತದೆ. ಇಳಿಸಿಕೊಳ್ಳುವ ಬಾಗಿಲು ಎಸ್‌ಆರ್-ಬಿ1. ಬಾಗಿಲು ತೆಗೆದುಹಾಕಿದಿರಿ, ಇಳಿಯದ ಮಾಲು ರಕ್ತದಲ್ಲಿಯೇ ಸುತ್ತುತ್ತಿದೆ. ನಿಮ್ಮ ಶೇ 125 ಅದೇ. ವೈರಸ್ ಪ್ರಯೋಗದಲ್ಲಿ ಬಾಗಿಲು ಅಗಲವಾಯಿತು, ರಸ್ತೆ ಖಾಲಿಯಾಯಿತು, ಮಾಲು ಪಿತ್ತರಸಕ್ಕೆ ಹೋಯಿತು. ಎರಡು ಪ್ರಯೋಗಗಳೂ ಹೇಳುವುದು ಒಂದೇ ಮಾತನ್ನು.

ನಿವೃತ್ತ ಮೇಷ್ಟ್ರು
ತುಂಗಾತೀರ ಅವರ ಲಾರಿ ಸರಿಯಾಗಿದೆ, ಆದರೆ ಸೆಮಿನಾರಿನಲ್ಲಿ ಅಷ್ಟಕ್ಕೇ ನಿಲ್ಲಿಸಿದರೆ ಪರೀಕ್ಷಕರು ಬಿಡುವುದಿಲ್ಲ. ಇಳಿಸುವ ಕ್ರಮದಲ್ಲಿಯೇ ಸ್ವಾರಸ್ಯ ಇರುವುದು.

‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಕಣವನ್ನು ಹಿಡಿಯುವ ಎಲ್‌ಡಿಎಲ್ ರಿಸೆಪ್ಟರ್ ಮಾಡುವ ಕೆಲಸ ಬೇರೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ತಂದುಕೊಟ್ಟ ಆ ರಿಸೆಪ್ಟರ್ ಇಡೀ ಕಣವನ್ನೇ ಜೀವಕೋಶದ ಒಳಕ್ಕೆ ಎಳೆದುಕೊಳ್ಳುತ್ತದೆ. ಲೈಸೋಸೋಮ್ ಎಂಬ ಜೀವಕೋಶದ ಜೀರ್ಣಚೀಲದಲ್ಲಿ ಕಣ ಪುಡಿಯಾಗುತ್ತದೆ, ಪ್ರೋಟೀನ್ ಭಾಗವೂ ಉಳಿಯುವುದಿಲ್ಲ. ಎಚ್‌ಡಿಎಲ್ ವಿಷಯದಲ್ಲಿ ಹಾಗಾಗುವುದಿಲ್ಲ ಎಂಬ ಸುಳಿವು 1983ರಲ್ಲಿಯೇ ಸಿಕ್ಕಿತ್ತು. ಗ್ಲಾಸ್, ಪಿಟ್‌ಮನ್, ಸ್ಟೈನ್‌ಬರ್ಗ್ ಮುಂತಾದವರು ಎಚ್‌ಡಿಎಲ್‌ನ ಪ್ರೋಟೀನಿಗೆ ಒಂದು ಗುರುತು, ಒಳಗಿನ ಕೊಲೆಸ್ಟ್ರಾಲ್ ಎಸ್ಟರಿಗೆ (ಕೊಬ್ಬಿನಾಮ್ಲ ಅಂಟಿದ ಕೊಲೆಸ್ಟ್ರಾಲಿಗೆ) ಇನ್ನೊಂದು ಗುರುತು ಹಾಕಿ ಇಲಿವರ್ಗದ ಪ್ರಾಣಿಗಳಿಗೆ ಚುಚ್ಚಿದರು. ಯಕೃತ್ತು ಮತ್ತು ಅಡ್ರಿನಲ್ ಗ್ರಂಥಿಗಳಲ್ಲಿ ಎಸ್ಟರಿನ ಗುರುತು ಪ್ರೋಟೀನಿನ ಗುರುತಿಗಿಂತ ಬಹಳ ಹೆಚ್ಚಾಗಿ ಸಿಕ್ಕಿತು. ಅಂದರೆ ಕಣವನ್ನು ನುಂಗದೆ ಎಸ್ಟರನ್ನು ಮಾತ್ರ ಹೀರಿಕೊಳ್ಳಲಾಗುತ್ತಿದೆ. ಬರಿದಾದ ಕಣ ಮತ್ತೆ ಹೊರಟುಹೋಗುತ್ತದೆ. ಹೀರುವುದು ಯಾರು ಎಂಬುದಕ್ಕೆ ಉತ್ತರ ಸಿಗಲು ಮತ್ತೆ 13 ವರ್ಷ ಬೇಕಾಯಿತು.

ಇದೇ ಕುಟುಂಬದ ಇನ್ನೊಂದು ಪ್ರೋಟೀನ್ ಲಿಂಪ್-2. ಅದರ ಸ್ಫಟಿಕ ರಚನೆ 2013ರಲ್ಲಿ ಸಿಕ್ಕಾಗ ಅಣುವಿನ ಉದ್ದಕ್ಕೂ ಒಂದು ಸುರಂಗ ಕಂಡಿತು. ಎಸ್‌ಆರ್-ಬಿ1ರಲ್ಲಿಯೂ ಎಸ್ಟರ್ ಅಂಥದೇ ಸುರಂಗದ ಮೂಲಕ ಜಾರಿ ಪೊರೆಗೆ ಸೇರುತ್ತದೆ ಎಂಬುದು ಈಗಿನ ತಿಳುವಳಿಕೆ.

ಡಾಕ್ಟರ್ ಕರಾವಳಿ
ನಾನು ರೋಗಿಗಳನ್ನು ನೋಡುವವನು, ಇಲಿಗಳನ್ನಲ್ಲ. ಹಾಗಾಗಿ ಒಂದು ಎಚ್ಚರಿಕೆ. ಇಲಿಯ ರಕ್ತದಲ್ಲಿ ಸಿಇಟಿಪಿ ಎಂಬ ಪ್ರೋಟೀನ್ ಇಲ್ಲ. ಮನುಷ್ಯರಲ್ಲಿ ಇದೆ. ಅದು ಎಚ್‌ಡಿಎಲ್‌ನ ಕೊಲೆಸ್ಟ್ರಾಲ್ ಎಸ್ಟರನ್ನು ಎಲ್‌ಡಿಎಲ್, ವಿಎಲ್‌ಡಿಎಲ್ (ಎಲ್‌ಡಿಎಲ್‌ಗಿಂತ ದೊಡ್ಡ ಕೊಬ್ಬಿನ ಕಣ) ಕಣಗಳಿಗೆ ವರ್ಗಾಯಿಸುತ್ತದೆ. ಆದ್ದರಿಂದ ನಮ್ಮಲ್ಲಿ ಯಕೃತ್ತಿಗೆ ಹೋಗಲು ಎರಡನೆಯ ದಾರಿ ಇದೆ. ಇಲಿಯಲ್ಲಿ ಬಹುಪಾಲು ಕೊಲೆಸ್ಟ್ರಾಲ್ ಎಚ್‌ಡಿಎಲ್‌ನಲ್ಲಿ, ನಮ್ಮಲ್ಲಿ ಬಹುಪಾಲು ಎಲ್‌ಡಿಎಲ್‌ನಲ್ಲಿ. ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರ ತಲೆಗೆ ಕಟ್ಟಬೇಡಿ. ಇದನ್ನು ಓದಿ ಯಾರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿ ಬಂದವರನ್ನು ನೋಡಿ ಸಾಕಾಗಿದೆ.

ತುಂಗಾತೀರ
ಡಾಕ್ಟರೇ, ಸ್ಟ್ಯಾಟಿನ್ ಹೆಸರನ್ನು ಇಲ್ಲಿ ಎತ್ತಿದ್ದು ನೀವೊಬ್ಬರೇ.

ಡಾಕ್ಟರ್ ಕರಾವಳಿ
ಎತ್ತುವವರು ಬಂದೇ ಬರುತ್ತಾರೆ, ಕಾಯುತ್ತಿರಿ.

ಹಸುವಿನ ತುಪ್ಪ
ಸ್ಟ್ಯಾಟಿನ್ ಎಲ್ಲ ಕಂಪನಿಗಳ ಆಟ. ಮನೆಯ ತುಪ್ಪ ತಿನ್ನಿ, ಎಚ್‌ಡಿಎಲ್ ತಾನಾಗಿಯೇ ಏರುತ್ತದೆ. ನಮ್ಮ ಅಜ್ಜ ಅನ್ನದ ಮೇಲೆ ತುಪ್ಪ ಸುರಿದುಕೊಂಡೇ ತೊಂಬತ್ತು ದಾಟಿದರು.

ಡಾಕ್ಟರ್ ಕರಾವಳಿ
ಬಂದರು ನೋಡಿ. ಸ್ವಾಮಿ, ತುಪ್ಪದ ಸ್ಯಾಚುರೇಟೆಡ್ ಕೊಬ್ಬು ಎಚ್‌ಡಿಎಲ್ ಜೊತೆಗೆ ಎಲ್‌ಡಿಎಲ್ ಅನ್ನೂ ಏರಿಸುತ್ತದೆ. ನಿಮ್ಮ ಅಜ್ಜ ದಿನವಿಡೀ ಗದ್ದೆಯಲ್ಲಿದ್ದರು, ನೀವು ದಿನವಿಡೀ ಈ ವೇದಿಕೆಯಲ್ಲಿದ್ದೀರಿ.

ಪ್ರಯೋಗಶಾಲೆಯ ಪದ್ಮಿನಿ
ಇಷ್ಟು ಹೊತ್ತಿನಿಂದ ಎಲ್ಲರೂ ರಕ್ತ, ಯಕೃತ್ತು ಎನ್ನುತ್ತಿದ್ದೀರಿ. ಮೂತ್ರಪಿಂಡದ ತಲೆಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯನ್ನು ನೋಡುವವರೇ ಇಲ್ಲ. ನಾನು ಇಲಿಗಳೊಂದಿಗೆ ಕೆಲಸ ಮಾಡಿದವಳು. ಆ ಗ್ರಂಥಿ ಎಷ್ಟು ಚಿಕ್ಕದೆಂದರೆ ಸುತ್ತಲಿನ ಕೊಬ್ಬಿನಿಂದ ಅದನ್ನು ಬಿಡಿಸುವಾಗ ಉಸಿರು ಬಿಗಿಹಿಡಿಯಬೇಕು, ಚಿಮಟ ಸ್ವಲ್ಪ ಒತ್ತಿದರೂ ಅಪ್ಪಚ್ಚಿಯಾಗುತ್ತದೆ. ತೆಳುವಾಗಿ ಕತ್ತರಿಸಿ ಆಯಿಲ್ ರೆಡ್ ಓ ಎಂಬ ಬಣ್ಣ ಹಾಕಿದರೆ ಕೊಬ್ಬು ಇರುವಲ್ಲೆಲ್ಲ ಕೆಂಪಾಗುತ್ತದೆ. ಆರೋಗ್ಯವಂತ ಇಲಿಯಲ್ಲಿ ಗ್ರಂಥಿಯ ಹೊರಪದರ ದಟ್ಟ ಕೆಂಪು ಉಂಗುರವಾಗಿ ಕಾಣುತ್ತದೆ. ನಡುವಿನ ಭಾಗ ಪೇಲವ.

1997ರ ಪ್ರಯೋಗದಲ್ಲಿ ರಿಸೆಪ್ಟರ್ ಇಲ್ಲದ ಇಲಿಗಳ ಆ ಉಂಗುರ ಬಹುತೇಕ ಬಣ್ಣಗೆಟ್ಟಿತ್ತು. ಅಳೆದು ನೋಡಿದರೆ ಗ್ರಂಥಿಯ ಕೊಲೆಸ್ಟ್ರಾಲ್ ಒಂದು ಪ್ರತಿ ಕೆಟ್ಟವುಗಳಲ್ಲಿ ಶೇ 42, ಎರಡೂ ಕೆಟ್ಟವುಗಳಲ್ಲಿ ಶೇ 72ರಷ್ಟು ಇಳಿದಿತ್ತು. ರಕ್ತದಲ್ಲಿ ದುಪ್ಪಟ್ಟು ಕೊಲೆಸ್ಟ್ರಾಲ್ ಹರಿಯುತ್ತಿದೆ, ಅದನ್ನೇ ಬಳಸಿ ಹಾರ್ಮೋನ್ ತಯಾರಿಸಬೇಕಾದ ಗ್ರಂಥಿ ಮಾತ್ರ ಬರಗಾಲದಲ್ಲಿದೆ. ಆ ಇಲಿಗಳನ್ನು ಉಪವಾಸ ಕೆಡವಿದರೆ ಅಥವಾ ಬ್ಯಾಕ್ಟೀರಿಯಾದ ವಿಷ ಕೊಟ್ಟರೆ ಬೇಕಾದಷ್ಟು ಕಾರ್ಟಿಕೋಸ್ಟಿರಾನ್ ಎಂಬ ಒತ್ತಡದ ಹಾರ್ಮೋನ್ ಸುರಿಸಲಾರವು, ಸೋಂಕಿಗೆ ಬೇಗ ಬಲಿಯಾಗುತ್ತವೆ. ಮಾಣಿ, ಸ್ಲೈಡಿನಲ್ಲಿ ಈ ಚಿತ್ರ ಹಾಕಿ. ಯಾವ ರೇಖಾಚಿತ್ರವೂ ಇಷ್ಟು ನೇರವಾಗಿ ಹೇಳುವುದಿಲ್ಲ.

ಹಸುವಿನ ತುಪ್ಪ
ಇಲಿಯನ್ನು ಉಪವಾಸ ಕೆಡವಿ, ವಿಷ ಕೊಟ್ಟು, ಗ್ರಂಥಿ ಕಿತ್ತು ಬಣ್ಣ ಹಾಕುವುದು. ಇದಕ್ಕೆ ವಿಜ್ಞಾನ ಎಂದು ಹೆಸರು.

ಪ್ರಯೋಗಶಾಲೆಯ ಪದ್ಮಿನಿ
ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು, ಎಷ್ಟು ಇಲಿ, ಏಕೆ ಅಷ್ಟೇ ಇಲಿ ಎಂದು ಬರೆದುಕೊಡಬೇಕು. ನಿಮ್ಮ ಬೇಸರ ನನಗೂ ಇದೆ, ಅದಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿಗೆ ಬರುತ್ತೇನೆ.

ಮಲೆನಾಡ ಮಾಣಿ
ಪದ್ಮಿನಿ ಮೇಡಂ, ತುಂಬ ಧನ್ಯವಾದ. ಈಗ ಅಪೋ-ಇ ಕಥೆ ಯಾರಾದರೂ ಹೇಳಿ. ಅಪೋ-ಇ ಮಾತ್ರ ಇಲ್ಲದ ಇಲಿಗಳಿಗೂ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುತ್ತದೆ ತಾನೇ?

ನಿವೃತ್ತ ಮೇಷ್ಟ್ರು
ಕಟ್ಟುತ್ತದೆ, ಆದರೆ ಅವು ಎಳೆಯ ವಯಸ್ಸಿನಲ್ಲಿ ಹೃದಯಾಘಾತವಾಗಿ ಸಾಯುವುದಿಲ್ಲ. ಇಲಿಗೆ ಹೃದಯಾಘಾತ ಮಾಡಿಸುವುದೇ ಕಷ್ಟ ಎಂಬುದು ಆ ಕ್ಷೇತ್ರದವರ ಹಳೆಯ ಗೋಳು. ಎಸ್‌ಆರ್-ಬಿ1 ಮತ್ತು ಅಪೋ-ಇ ಎರಡೂ ಇಲ್ಲದ ಇಲಿಗಳಲ್ಲಿ ಕೊಬ್ಬು ಕಟ್ಟುವುದು ಬಹಳ ಬೇಗ ಎಂದು 1999ರಲ್ಲಿ ಕಂಡಿತು. 2002ರಲ್ಲಿ ಅದೇ ತಂಡ ಅವುಗಳ ಹೃದಯವನ್ನು ಬಿಚ್ಚಿ ನೋಡಿತು. ಹೃದಯ ಹಿಗ್ಗಿತ್ತು, ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಕೊಬ್ಬು ತುಂಬಿ ಮುಚ್ಚಿದ್ದವು, ಸ್ನಾಯುವಿನಲ್ಲಿ ಸತ್ತ ತೇಪೆಗಳಿದ್ದವು, ಇಸಿಜಿಯೂ ಕೆಟ್ಟಿತ್ತು. ಆರು ವಾರಕ್ಕೆ ಅರ್ಧದಷ್ಟು ಇಲಿಗಳು ಸತ್ತಿದ್ದವು, ಎಂಟು ವಾರ ದಾಟಿದ್ದು ಒಂದೂ ಇಲ್ಲ. ಅದೂ ಸಾಮಾನ್ಯ ಆಹಾರ ತಿಂದುಕೊಂಡು, ಕೊಬ್ಬಿನ ಊಟ ಹಾಕದೆಯೇ. ಎಂಟು ವಾರದ ಇಲಿ ಎಂದರೆ ಆಗಷ್ಟೇ ಪ್ರಾಯಕ್ಕೆ ಬಂದದ್ದು.

ಸಂಶಯಾತ್ಮ
ಮೇಷ್ಟ್ರೇ, ಇಲ್ಲೊಂದು ಕಳ್ಳಗಿಂಡಿ ಇದೆ. ಎರಡೂ ಜೀನ್ ಇಲ್ಲದ ಇಲಿಯ ರಕ್ತದಲ್ಲಿ ಸಾಮಾನ್ಯ ಗಾತ್ರದ ಎಚ್‌ಡಿಎಲ್ ಕಾಣುವುದೇ ಇಲ್ಲ. ವಿಎಲ್‌ಡಿಎಲ್ ಗಾತ್ರದ ವಿಚಿತ್ರ ಕಣಗಳು, ಅವುಗಳ ತುಂಬ ಎಸ್ಟರಾಗದ ಕೊಲೆಸ್ಟ್ರಾಲ್. ಹಾಗಿರುವಾಗ ಸತ್ತದ್ದು ಎಚ್‌ಡಿಎಲ್ ಕೆಲಸ ಕೆಟ್ಟದ್ದರಿಂದಲೋ ಆ ಹೊಸ ಕಣಗಳಿಂದಲೋ? ‘ಎಚ್‌ಡಿಎಲ್ ಏರಿತು, ಇಲಿ ಸತ್ತಿತು’ ಎಂದು ಒಂದೇ ವಾಕ್ಯದಲ್ಲಿ ಪೋಣಿಸುವುದು ಮೋಸ. ಎಚ್‌ಡಿಎಲ್ ಏರಿದ ಇಲಿ ಒಂದು, ಸತ್ತ ಇಲಿ ಇನ್ನೊಂದು.

ತುಂಗಾತೀರ
ಸರಿಯಾದ ಪಟ್ಟು. ಆದರೆ ವಾದ ಆ ಒಂದೇ ಇಲಿಯ ಮೇಲೆ ನಿಂತಿಲ್ಲ. ಎಲ್‌ಡಿಎಲ್ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಎಸ್‌ಆರ್-ಬಿ1 ತೆಗೆದಾಗಲೂ ರಕ್ತನಾಳದ ಗಾಯ ಹೆಚ್ಚಿತು. ಅದಕ್ಕಿಂತ ಮುಖ್ಯವಾದದ್ದು ತಿರುಗಾಮುರುಗಾ ಪ್ರಯೋಗ: ಅಂಥ ಇಲಿಗಳ ಯಕೃತ್ತಿನಲ್ಲಿ ಈ ರಿಸೆಪ್ಟರನ್ನು ಹೆಚ್ಚಿಸಿದರು. ಎಚ್‌ಡಿಎಲ್ ಕುಸಿಯಿತು, ಕೊಬ್ಬು ಕಟ್ಟುವುದೂ ಕಡಿಮೆಯಾಯಿತು. ‘ಒಳ್ಳೆಯದು’ ಇಳಿದರೂ ನಾಳಕ್ಕೆ ಒಳಿತಾಯಿತು. ಇದಕ್ಕೆ ನಿಮ್ಮ ವಿಚಿತ್ರ ಕಣಗಳು ಏನು ಹೇಳುತ್ತವೆ?

ಸಂಶಯಾತ್ಮ
ಅಲ್ಲಿ ಎಚ್‌ಡಿಎಲ್ ಅಲ್ಲದ ಕಣಗಳೂ ಸ್ವಲ್ಪ ಇಳಿದಿದ್ದವು ಎಂದು ಹೇಳುತ್ತವೆ. ಆದರೂ ಆ ಪ್ರಯೋಗಗಳ ಬಗ್ಗೆ ನನಗೆ ಗೌರವವಿದೆ. ಪೂರ್ತಿ ಒಪ್ಪಿದೆ ಎಂದು ಬರೆದುಕೊಳ್ಳಬೇಡಿ.

ಔಷಧಿ ಅಂಗಡಿ
ಇಲಿ ಬಿಡಿ, ಮನುಷ್ಯರ ಕಥೆಯೂ ಇದೆಯಲ್ಲ. ಡಾಕ್ಟರ್ ಹೇಳಿದ ಸಿಇಟಿಪಿಯನ್ನು ತಡೆಯುವ ಟಾರ್ಸೆಟ್ರಾಪಿಬ್ ಮಾತ್ರೆ. ಸುಮಾರು 15,000 ಜನರ ಮೇಲೆ ಪರೀಕ್ಷೆ ಮಾಡಿದರು. ಎಚ್‌ಡಿಎಲ್ ಶೇ 72ರಷ್ಟು ಏರಿತು, ಸಾವುಗಳೂ ಏರಿದವು. 2006ರ ಡಿಸೆಂಬರಿನಲ್ಲಿ ಫೈಜರ್ ಕಂಪನಿ ಪರೀಕ್ಷೆಯನ್ನೇ ನಿಲ್ಲಿಸಿತು. ಆಮೇಲೆ ಡಾಲ್ಸೆಟ್ರಾಪಿಬ್, ಇವಾಸೆಟ್ರಾಪಿಬ್ ಬಂದವು, ಎಚ್‌ಡಿಎಲ್ ಏರಿಸಿದವು, ಹೃದಯಕ್ಕೆ ಪ್ರಯೋಜನ ತೋರಿಸದೆ ಹೋದವು. ನಿಯಾಸಿನ್ ಎಂಬ ವಿಟಮಿನ್ ಕೂಡ ಅದೇ ದಾರಿ ಹಿಡಿಯಿತು.

ಡಾಕ್ಟರ್ ಕರಾವಳಿ
ಟಾರ್ಸೆಟ್ರಾಪಿಬ್ ರಕ್ತದೊತ್ತಡವನ್ನೂ ಆಲ್ಡೋಸ್ಟಿರಾನ್ ಎಂಬ, ದೇಹದಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನನ್ನೂ ಏರಿಸುತ್ತಿತ್ತು. ಸಾವಿಗೆ ಅದೂ ಕಾರಣವಿರಬಹುದು, ಎಲ್ಲ ತಪ್ಪನ್ನೂ ಎಚ್‌ಡಿಎಲ್ ತಲೆಗೆ ಕಟ್ಟುವಂತಿಲ್ಲ. ಉಳಿದ ಎರಡರ ಬಗ್ಗೆ ನೀವು ಹೇಳಿದ್ದು ಸರಿ.

ಎಸ್‌ಆರ್-ಬಿ1 ಬಗ್ಗೆಯೇ ಮನುಷ್ಯರ ನೇರ ಸಾಕ್ಷ್ಯ ಬೇಕೆಂದರೆ 2016ರ ಒಂದು ಅಧ್ಯಯನವಿದೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರ ನೇತೃತ್ವದ್ದು. ಎಚ್‌ಡಿಎಲ್ ವಿಪರೀತ ಹೆಚ್ಚಿರುವವರ ಜೀನ್ ಓದುತ್ತ ಹೋದಾಗ, ಈ ರಿಸೆಪ್ಟರಿನ 376ನೆಯ ಜಾಗದಲ್ಲಿ ಪ್ರೋಲಿನ್ ಬದಲು ಲ್ಯೂಸಿನ್ ಇರುವ, ಎರಡೂ ಪ್ರತಿ ಹಾಗೆಯೇ ಇರುವ ಒಬ್ಬ ಮಹಿಳೆ ಸಿಕ್ಕರು. ಅವರ ಎಚ್‌ಡಿಎಲ್ ಡೆಸಿಲೀಟರಿಗೆ 152 ಮಿಲಿಗ್ರಾಂ, ಸಾಮಾನ್ಯಕ್ಕಿಂತ ಬಹಳ ಹೆಚ್ಚು. ನಮ್ಮ ಯಾವುದೇ ಲ್ಯಾಬಿನವರು ಆ ವರದಿಯನ್ನು ಕೊಡುವಾಗ ಕೈಕುಲುಕಿ ಅಭಿನಂದಿಸುತ್ತಿದ್ದರು. ಆದರೆ ಒಂದು ಪ್ರತಿ ಬದಲಾದವರನ್ನು ದೊಡ್ಡ ಸಂಖ್ಯೆಯಲ್ಲಿ ಹೋಲಿಸಿ ನೋಡಿದಾಗ ಕೊರೊನರಿ ಕಾಯಿಲೆಯ ಅಪಾಯ ಹೆಚ್ಚೇ ಇತ್ತು. ಕೋಪನ್‌ಹೇಗನ್‌ನಲ್ಲಿ ಜನಸಾಮಾನ್ಯರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಎಚ್‌ಡಿಎಲ್ ತೀರಾ ಕಡಿಮೆಯಿದ್ದವರಂತೆ ತೀರಾ ಹೆಚ್ಚಿದ್ದವರಲ್ಲಿಯೂ ಸಾವಿನ ಪ್ರಮಾಣ ಹೆಚ್ಚಿತ್ತು.

ತುಂಗಾತೀರ
ಇಲಿಯಲ್ಲಿ ಕಂಡದ್ದನ್ನು ಮನುಷ್ಯರ ತಲೆಗೆ ಕಟ್ಟಬೇಡಿ ಎಂದವರು ಯಾರೋ ಇದ್ದರಲ್ಲ ಇಲ್ಲಿ?

ಡಾಕ್ಟರ್ ಕರಾವಳಿ
ಕಟ್ಟಬೇಡಿ ಎಂದೆ. ಹೋಲಿಸಿ ನೋಡಬೇಡಿ ಎನ್ನಲಿಲ್ಲ.

ನಿವೃತ್ತ ಮೇಷ್ಟ್ರು
ಎದುರುಬದಿಯ ಉದಾಹರಣೆಯೂ ಇರಲಿ. ಇಟಲಿಯ ಗಾರ್ಡಾ ಸರೋವರದ ದಡದಲ್ಲಿ ಲಿಮೋನೆ ಎಂಬ ಊರು. ಅಲ್ಲಿನ ಕೆಲವು ಕುಟುಂಬಗಳಲ್ಲಿ ಎಚ್‌ಡಿಎಲ್‌ನ ಮುಖ್ಯ ಪ್ರೋಟೀನ್ ಅಪೋ-ಎ1 ಸ್ವಲ್ಪ ಬದಲಾಗಿದೆ, ಅದಕ್ಕೆ ‘ಮಿಲಾನೋ’ ಎಂಬ ಹೆಸರು. ಅವರ ಎಚ್‌ಡಿಎಲ್ ನೋಡಿದರೆ ಯಾವ ವೈದ್ಯರೂ ಹುಬ್ಬು ಗಂಟಿಕ್ಕುವಷ್ಟು ಕಡಿಮೆ. ಆದರೆ ಆ ಮಟ್ಟಕ್ಕೆ ನಿರೀಕ್ಷಿಸುವಷ್ಟು ಹೃದ್ರೋಗ ಅವರಲ್ಲಿಲ್ಲ.

ರೇಷ್ಮೆ ರಾಮನಗರ
ಕೊಲೆಸ್ಟ್ರಾಲ್ ನನ್ನ ವಿಷಯ ಅಲ್ಲ. ಮೇಷ್ಟ್ರು ‘ಇದೇ ಕುಟುಂಬದ ಪ್ರೋಟೀನ್’ ಎಂದಾಗ ಕಿವಿ ನೆಟ್ಟಗಾಯಿತು. ರೇಷ್ಮೆಹುಳುವಿನಲ್ಲಿಯೂ ಈ ಕುಟುಂಬದ್ದೊಂದು ಇದೆ, ಹೆಸರು ಕ್ಯಾಮಿಯೋ2. ಹಿಪ್ಪುನೇರಳೆ ಎಲೆಯಲ್ಲಿರುವ ಲ್ಯೂಟೀನ್ ಎಂಬ ಹಳದಿ ಬಣ್ಣವನ್ನು ರೇಷ್ಮೆ ಗ್ರಂಥಿಯೊಳಕ್ಕೆ ಹೀರಿಕೊಳ್ಳಲು ಅದು ಬೇಕು ಎಂದು ಜಪಾನಿನವರು 2010ರಲ್ಲಿ ತೋರಿಸಿದರು. ಅದು ಕೆಟ್ಟರೆ ರೇಷ್ಮೆಗೆ ಆ ಹಳದಿ ಇಳಿಯುವುದಿಲ್ಲ. ಗೂಡು ಮಾರುಕಟ್ಟೆಯಲ್ಲಿ ಹಳದಿ ಗೂಡು, ಬಿಳಿ ಗೂಡು ಎಂದು ದಿನವೂ ಕೈಯಾಡಿಸುವವರಿಗೆ ಇಂಥದ್ದು ಓದಿದರೆ ಕುತೂಹಲ ತಡೆಯುವುದಿಲ್ಲ.

ಪ್ರಯೋಗಶಾಲೆಯ ಪದ್ಮಿನಿ
ಒಳ್ಳೆಯ ಸಂಗತಿ ಹೇಳಿದಿರಿ! ಕ್ಯಾನರಿ ಹಕ್ಕಿಯಲ್ಲಂತೂ ಎಸ್‌ಆರ್-ಬಿ1 ಜೀನೇ. ಅದು ಕೆಟ್ಟ ಒಂದು ತಳಿಯ ಕ್ಯಾನರಿಗಳು ಬೆಳ್ಳಗಿರುತ್ತವೆ, ಕ್ಯಾರೊಟಿನಾಯ್ಡ್ ಬಣ್ಣವನ್ನು ಹೀರಿಕೊಳ್ಳಲಾರವು. ಇದು 2017ರ ಸಂಶೋಧನೆ. ಜಿಡ್ಡಿನಲ್ಲಿ ಕರಗುವುದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಗುಣ ಈ ಕುಟುಂಬಕ್ಕೆ ಹಳೆಯದು. ಹೆಪಟೈಟಿಸ್ ಸಿ ವೈರಸ್ ಕೂಡ ಯಕೃತ್ತಿನ ಕೋಶಕ್ಕೆ ನುಗ್ಗಲು ಇದನ್ನು ಬಳಸಿಕೊಳ್ಳುತ್ತದೆ.

ಶಾಲಿನಿ ಧಾರವಾಡ
ಹೆಣ್ಣು ಇಲಿಗಳಿಗೆ ಮರಿಯಾಗುವುದಿಲ್ಲ ಎಂದು ಎಲ್ಲೋ ಓದಿದ ನೆನಪು. ಅದೂ ಇದೇ ರಿಸೆಪ್ಟರಿನದೇ? ಅಂಡಾಶಯಕ್ಕೂ ಕೊಲೆಸ್ಟ್ರಾಲ್ ಸಿಗದೆ ಹಾರ್ಮೋನ್ ಕಡಿಮೆಯಾಗುವುದೇ ಕಾರಣವೇ?

ಪ್ರಯೋಗಶಾಲೆಯ ಪದ್ಮಿನಿ
ಹೌದು ಶಾಲಿನಿ, ಇದೇ ರಿಸೆಪ್ಟರ್. ಗಂಡುಗಳು ಸರಿಯಾಗಿವೆ, ಹೆಣ್ಣುಗಳಿಗೆ ಬಂಜೆತನ. ಎಲ್ಲರೂ ಮೊದಲು ನೀವು ಹೇಳಿದ ಕಾರಣವನ್ನೇ ಊಹಿಸುತ್ತಾರೆ. ಆದರೆ ಅಂಡಾಶಯದ ಕೊರತೆಗಿಂತ ರಕ್ತದಲ್ಲಿ ಸುತ್ತುವ ಅಸಹಜ ಎಚ್‌ಡಿಎಲ್‌ನದೇ ದೊಡ್ಡ ಪಾಲು. ಯಕೃತ್ತಿನಲ್ಲಿ ಮಾತ್ರ ರಿಸೆಪ್ಟರನ್ನು ಮರಳಿಸಿದಾಗ ಫಲವಂತಿಕೆ ಬಹುಮಟ್ಟಿಗೆ ಮರಳಿತು, ಅಂಡಾಶಯವನ್ನು ಮುಟ್ಟಲೇ ಇಲ್ಲ. ಪ್ರೊಬುಕಾಲ್ ಎಂಬ, ಕೊಲೆಸ್ಟ್ರಾಲ್ ಇಳಿಸುವ ಹಳೆಯ ಔಷಧ ತಿನ್ನಿಸಿದಾಗಲೂ ಮರಿಗಳಾದವು. ಆ ಔಷಧದ ಚೋದ್ಯ ಕೇಳಿ: ಮನುಷ್ಯರಲ್ಲಿ ಅದು ಎಚ್‌ಡಿಎಲ್ ಇಳಿಸುತ್ತದೆ, ಆ ಕಾರಣಕ್ಕೂ ವೈದ್ಯರಿಗೆ ಅದರ ಮೇಲೆ ಒಲವು ಕಡಿಮೆ. ಎರಡು ಜೀನ್ ಇಲ್ಲದ, ಎಂಟು ವಾರದಲ್ಲಿ ಸಾಯಬೇಕಿದ್ದ ಇಲಿಗಳು ಅದೇ ಔಷಧ ತಿಂದು ತಿಂಗಳುಗಟ್ಟಲೆ ಬದುಕಿದವು.

ಹಸುವಿನ ತುಪ್ಪ
ಒಟ್ಟಿನಲ್ಲಿ ಈ ರಿಸೆಪ್ಟರ್ ಹೆಚ್ಚಿದ್ದರೆ ಒಳ್ಳೆಯದು ಎಂದಾಯಿತಲ್ಲ. ಅದನ್ನು ಹೆಚ್ಚಿಸುವ ಕಷಾಯ ನಾಳೆಯೇ ಬರುತ್ತದೆ ನೋಡಿ.

ಸಂಶಯಾತ್ಮ
ಹಾಗೂ ಆಗಲಿಲ್ಲ. ಎಲ್ಲಿ ಹೆಚ್ಚಿದ್ದರೆ ಎಂದು ಕೇಳಬೇಕು. ರಕ್ತನಾಳದ ಒಳಗೋಡೆಯ ಕೋಶಗಳಲ್ಲಿಯೂ ಇದೇ ರಿಸೆಪ್ಟರ್ ಇದೆ. ಅಲ್ಲಿ ಅದು ಎಲ್‌ಡಿಎಲ್ ಅನ್ನು ಹಿಡಿದು ಗೋಡೆಯ ಆಚೆಗೆ ಸಾಗಿಸುತ್ತದೆ ಎಂದು ಡಲ್ಲಾಸಿನ ತಂಡವೊಂದು 2019ರಲ್ಲಿ ತೋರಿಸಿತು. ಒಳಗೋಡೆಯಲ್ಲಿ ಮಾತ್ರ ಅದನ್ನು ತೆಗೆದ ಇಲಿಗಳಿಗೆ ಕೊಬ್ಬು ಕಟ್ಟುವುದು ಕಡಿಮೆಯಾಯಿತು. ಯಕೃತ್ತಿನಲ್ಲಿ ಕಾಯುವುದು, ನಾಳದ ಗೋಡೆಯಲ್ಲಿ ಕೊಲ್ಲುವುದು. ಕುಡಿಯಿರಿ ಕಷಾಯ.

ಮಲೆನಾಡ ಮಾಣಿ
ಎಲ್ಲರಿಗೂ ಧನ್ಯವಾದ. ಸ್ಲೈಡುಗಳಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಒಂದೇ ಒಂದು ಹೆದರಿಕೆ ಉಳಿದಿದೆ. ನಮ್ಮ ಗೈಡ್ ಖಂಡಿತ ‘ಇಲಿಯಲ್ಲಿ ಸಿಇಟಿಪಿ ಇಲ್ಲವಲ್ಲ, ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ’ ಎಂದು ಕೇಳುತ್ತಾರೆ. ಏನು ಹೇಳಲಿ?

ನಿವೃತ್ತ ಮೇಷ್ಟ್ರು
ಆ ಪ್ರಯೋಗ ಆಗಿಹೋಗಿದೆ ಎಂದು ಹೇಳಿ. ಎಸ್‌ಆರ್-ಬಿ1 ಇಲ್ಲದ ಇಲಿಗಳಿಗೆ ಮನುಷ್ಯರ ಸಿಇಟಿಪಿ ಜೀನ್ ಸೇರಿಸಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಎಚ್‌ಡಿಎಲ್ ಮಟ್ಟ ಸಾಮಾನ್ಯಕ್ಕೆ ಇಳಿಯಿತು, ವರದಿಯ ಹಾಳೆ ಮಾತ್ರ ನೋಡಿದವರು ‘ವಾಸಿಯಾಯಿತು’ ಎನ್ನಬೇಕು. ರಿಸೆಪ್ಟರ್ ಇಲ್ಲದ್ದರಿಂದ ಬಂದ ಕಾಯಿಲೆಗಳು ಮಾತ್ರ ಅದರಿಂದ ವಾಸಿಯಾಗಲಿಲ್ಲ, ರಕ್ತನಾಳಕ್ಕೆ ಕೊಬ್ಬು ಕಟ್ಟುವ ಕಾಟವೂ ತಪ್ಪಲಿಲ್ಲ. ಗೈಡ್ ಮುಂದಿನ ಪ್ರಶ್ನೆ ಕೇಳುವ ಮೊದಲು ಪದ್ಮಿನಿಯವರು ಹೇಳಿದ ಅಡ್ರಿನಲ್ ಚಿತ್ರ ತೆರೆಯಿರಿ. ಆ ಗ್ರಂಥಿ ತಯಾರಿಸುವ ಸ್ಟಿರಾಯ್ಡ್ ಹಾರ್ಮೋನುಗಳ ಬಗ್ಗೆ ಒಂದು ಪುಟ ಓದಿಕೊಂಡಿರಿ, ಅಲ್ಲಿಂದ ಪ್ರಶ್ನೆ ಬರುತ್ತದೆ.